ಹೊನ್ನಕ್ಕನ ಅರವತ್ತೊಂದನೇ ಪುಟ

ನನಗೆ ಮಾತು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ, ಯಾಕೆಂದರೆ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಅಪ್ಪ ಇಟ್ಟ ಹೆಸರು ಚಂದ್ರಮತಿ. ಮನೆಯಲ್ಲಿ ಕರೆಯುವುದು ರೇಡಿಯೋ ಅಂತ. ಇಂಥವಳು ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡುತ್ತೇನೆ ಎಂದಾಗ ಅಮ್ಮ ಹಣೆ ಚಚ್ಚಿಕೊಂಡಳು. "ಅದು ಊರೋರ ಬಾಯಿ ಮುಚ್ಚಿಸೋ ಕೋರ್ಸು ಕಣೇ. ನಿನ್ನ ಬಾಯಿ ಮುಚ್ಚಿಸೋದು ಯಾವುದಾದ್ರೂ ಇದ್ರೆ ಹೇಳು, ನಾನೇ ಬಂದು ಸೇರಿಸ್ತೀನಿ" ಅಂದಳು.

ಅಮ್ಮ ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮೂರಲ್ಲಿ ಒಬ್ಬರು ಆಡಿದ ಮಾತು ಅವರ ಹೆಸರಿನ ಜೊತೆ ಅಚ್ಚಾದರೆ ಅವರ ದನಿ ಹೋಗುತ್ತದೆ. ಅದೇ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಇನ್ನೊಬ್ಬರ ಮಾತು ಅಚ್ಚಾದಾಗ ಇವರದು ವಾಪಸು ಬರುತ್ತದೆ. ಹೇಳಿದವರ ದನಿ ಮಾತ್ರ ಹೋಗುವುದು, ಅವರ ಮಾತಿನೊಳಗೆ ಬರುವ ಬೇರೆಯವರ ಮಾತು ಲೆಕ್ಕಕ್ಕಿಲ್ಲ. ದಿನಪತ್ರಿಕೆಯಾದರೆ ಒಂದು ದಿನ, ವಾರಪತ್ರಿಕೆಯಾದರೆ ವಾರ, ಮಾಸಪತ್ರಿಕೆಯಾದರೆ ತಿಂಗಳು. ಹಾಗಾಗಿ ಎಲ್ಲ ಮನೆಗಳಲ್ಲೂ ಬಾಗಿಲ ಪಕ್ಕದ ಮೊಳೆಗೆ ಛತ್ರಿ ಒಂದು, ಸ್ಲೇಟು ಒಂದು ನೇತುಹಾಕಿರುತ್ತಾರೆ. ಪುರಸಭೆ ಅಧ್ಯಕ್ಷರು ಹೇಳಿಕೆ ಕೊಡುವುದು ಭಾನುವಾರ ಮಾತ್ರ, ಸೋಮವಾರ ಹೇಗೂ ಅವರಿಗೆ ಮೌನವ್ರತ. ಮೇಷ್ಟ್ರುಗಳು ಬೇಸಿಗೆ ರಜೆಯಲ್ಲಿ ಎಷ್ಟು ಬೇಕಾದರೂ ಅಭಿಪ್ರಾಯ ಹೇಳುತ್ತಾರೆ. ತರಕಾರಿ ಮಾರುವವರ ಹತ್ತಿರ ವರದಿಗಾರ ಹೋದರೆ, "ನಾಳೆ ಸಂತೆ ಐತೆ, ನಾಡಿದ್ದು ಬಾರಪ್ಪ" ಎಂದು ಕಳಿಸುತ್ತಾರೆ. ನಮ್ಮ ಎದುರುಮನೆಯ ಸೊಸೆ ಒಂದು ಸಲ ವಾರಪತ್ರಿಕೆಯವರಿಗೆ ಕಾಗದ ಬರೆದು, ನಮ್ಮತ್ತೆಯವರ ಉಪ್ಪಿನಕಾಯಿ ಬಗ್ಗೆ ಅವರ ಮಾತಿನಲ್ಲೇ ಹಾಕಿ ಎಂದು ಕೇಳಿಕೊಂಡಿದ್ದಳು. ಅವಳ ಉದ್ದೇಶ ಇಡೀ ಊರಿಗೆ ಅರ್ಥವಾಯಿತು, ಪತ್ರಿಕೆಯವರು ಹಾಕಲಿಲ್ಲ.

ಇನ್ನೊಂದು ಮರ್ಯಾದೆ ಇದೆ. ಯಾವುದಾದರೂ ಪತ್ರಿಕೆ ನಿಂತುಹೋಗುವುದಾದರೆ ಅದರ ಕೊನೆಯ ಸಂಚಿಕೆಯಲ್ಲಿ ಸಂಪಾದಕರು ತಮ್ಮ ಮಾತನ್ನೇ ಹಾಕಿಕೊಳ್ಳಬೇಕು. ಮುಂದಿನ ಸಂಚಿಕೆ ಇಲ್ಲವಲ್ಲ, ಅವರ ದನಿ ಹೋದದ್ದು ಹೋದಂತೆಯೇ. ಬೇರೆಯವರನ್ನು ಹಾಗೆ ಸಿಕ್ಕಿಸಿ ಹೋಗಬಾರದು. ಅದಕ್ಕೇ ನಮ್ಮಲ್ಲಿ ಪತ್ರಿಕೆ ಶುರುಮಾಡುವವರು ಕಡಿಮೆ. ನಿಲ್ಲಿಸಿದವರಲ್ಲಿ ನಾನು ಕಂಡದ್ದು ಜಯತೀರ್ಥಾಚಾರ್ ಒಬ್ಬರನ್ನು. ಕೃಷಿ ಮಾಸಿಕ ನಡೆಸುತ್ತಿದ್ದರು. ಕೊನೆಯ ಸಂಚಿಕೆಯಲ್ಲಿ "ಓದುಗರಿಗೆ ನಮಸ್ಕಾರ" ಎಂಬ ಎರಡೇ ಪದ ಹಾಕಿ, ಹದಿನಾಲ್ಕು ವರ್ಷದಿಂದ ಸ್ಲೇಟು ಹಿಡಿದೇ ಮಾರ್ಕೆಟ್ಟಿಗೆ ಬರುತ್ತಾರೆ. ಅವರನ್ನು ಕಂಡರೆ ಜನ ಎದ್ದು ನಿಲ್ಲುತ್ತಾರೆ.

ನಮ್ಮ ವಿಭಾಗದ ಮುಖ್ಯಸ್ಥರು ವೃಷಭೇಂದ್ರಪ್ಪ ಸರ್. ಅವರಿಗೂ ಮಾತೆಂದರೆ ಪ್ರಾಣ. ಐವತ್ತು ನಿಮಿಷದ ತರಗತಿಯನ್ನು ಎರಡು ಗಂಟೆ ಎಳೆದು, ಗಂಟೆ ಹೊಡೆದ ಮೇಲೂ ಬಾಗಿಲಲ್ಲಿ ನಿಂತು ಇನ್ನೊಂದು ಉದಾಹರಣೆ ಕೊಡುತ್ತಿದ್ದರು. ಇಷ್ಟು ಮಾತಾಡುವ ಮನುಷ್ಯ ಅಂತಿಮ ವರ್ಷದ ಸಂಶೋಧನಾ ಪ್ರಬಂಧದ ವಿಷಯ ಬಂದರೆ ಮಾತ್ರ ಒಂದೇ ವಾಕ್ಯಕ್ಕೆ ನಿಲ್ಲುತ್ತಿದ್ದರು: "ಯಾರ ಹೆಸರೂ ಬೇಡ, ಯಾರ ಮಾತೂ ಬೇಡ." ಪ್ರಬಂಧಕ್ಕೆ ಕ್ಯಾಲಿಕೋ ರಟ್ಟು ಹಾಕಿ, ಗ್ರಂಥಾಲಯದ ಠಸ್ಸೆ ಒತ್ತಿ, ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಠಸ್ಸೆ ಬಿತ್ತೆಂದರೆ ಅಚ್ಚಾದ ಲೆಕ್ಕ, ಆದರೆ ಅದಕ್ಕೆ ಮುಂದಿನ ಸಂಚಿಕೆ ಎಂಬುದಿಲ್ಲ. ಆದ್ದರಿಂದ ನಮ್ಮ ವಿಭಾಗದ ಪ್ರಬಂಧಗಳಲ್ಲಿ ಕೋಷ್ಟಕಗಳಿರುತ್ತಿದ್ದವು, ಶೇಕಡಾವಾರು ಇರುತ್ತಿತ್ತು, "ಒಬ್ಬ ಮಾಹಿತಿದಾರರ ಪ್ರಕಾರ" ಎಂಬುದು ಇರುತ್ತಿತ್ತು. ಬಾಯಿ ಇರುವ ಒಂದು ಜೀವವೂ ಇರುತ್ತಿರಲಿಲ್ಲ.

ವಿಭಾಗದ ಹಿಂದೆ ಒಂದು ಕ್ಯಾಂಟೀನು. ಅದನ್ನು ನಡೆಸುತ್ತಿದ್ದವಳು ಹೊನ್ನಕ್ಕ. ಐವತ್ತು ದಾಟಿದ ಹೆಂಗಸು, ಹುಟ್ಟುಮೂಗಿ ಎಂದೇ ನಾವೆಲ್ಲ ತಿಳಿದಿದ್ದೆವು. ಅವಳ ಸ್ಲೇಟಿನ ಮೇಲ್ಭಾಗದಲ್ಲಿ ಟೀ, ಕಾಫಿ, ಮಂಡಕ್ಕಿ ಎಂದು ಬರೆದದ್ದು ಒರೆಸಿದರೂ ಹೋಗದಷ್ಟು ಹಳೆಯದಾಗಿತ್ತು. ನಾವು ಬೆರಳಿಟ್ಟು ತೋರಿಸಿದರೆ ಆಯಿತು. ಅವಳಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ನಾಲ್ಕೈದು ಜನ ಒಟ್ಟಿಗೆ ಏನೇನೋ ಕೇಳಿದರೆ ಎಡಗೈಯಿಂದ ಕಿವಿಯ ಮೇಲೆ ಏನನ್ನೋ ಸರಿಮಾಡಿಕೊಂಡಂತೆ ಮಾಡಿ, ಬಲಗೈಯಿಂದ ಲೋಟಗಳನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸರಸರ ಇಡುತ್ತಿದ್ದಳು. ಯಾರ ಟೀ ಯಾರಿಗೂ ತಪ್ಪುತ್ತಿರಲಿಲ್ಲ. ವೃಷಭೇಂದ್ರಪ್ಪ ಸರ್ ಕ್ಯಾಂಟೀನಿಗೆ ಬರುತ್ತಿರಲಿಲ್ಲ. ಅವರ ಟೀಯನ್ನು ಹೊನ್ನಕ್ಕನೇ ಕೋಣೆಗೆ ಒಯ್ದು ಇಟ್ಟು ಬರುತ್ತಿದ್ದಳು, ಆಗ ಸರ್ ಕಿಟಕಿ ಕಡೆ ನೋಡುತ್ತಿದ್ದರು.

ನಾನು ಪ್ರಬಂಧದ ವಿಷಯ ಹುಡುಕುತ್ತಾ ಹಳೆಯ ಪ್ರಬಂಧಗಳ ಬೀರುವಿನ ಮುಂದೆ ಕೂತದ್ದು ಶ್ರಾವಣದ ಒಂದು ಮಧ್ಯಾಹ್ನ. ಒಂದೊಂದನ್ನೇ ತೆಗೆದು ಆಕಳಿಸುತ್ತಾ ಹೋದೆ. ಕೆಳಗಿನ ಸಾಲಿನ ತುದಿಯಲ್ಲಿ ಒಂದು ನೀಲಿ ರಟ್ಟು ಸಿಕ್ಕಿತು. ‘ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜ್: ಒಂದು ಸಂವಹನ ಅಧ್ಯಯನ’. ಇಪ್ಪತ್ತಾರು ವರ್ಷದ ಹಿಂದಿನದು. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ, ಯಾರು ಯಾವತ್ತು ಒಯ್ದರು ಎಂದು ಬರೆಯುವ ಜಾಗ ಪೂರಾ ಖಾಲಿ. ಸಲ್ಲಿಸಿದವರ ಹೆಸರು ನೋಡಿ ನನಗೆ ನಗು ಬಂತು: ವೃಷಭೇಂದ್ರಪ್ಪ. ಸರ್ ಹುಡುಗನಾಗಿದ್ದಾಗ ಏನು ಬರೆದಿರಬಹುದು ನೋಡೋಣ ಎಂದು ಪುಟ ತಿರುವುತ್ತಾ ಹೋದವಳು ಅರವತ್ತೊಂದನೇ ಪುಟದಲ್ಲಿ ನಿಂತೆ. ಅಲ್ಲಿ ಒಬ್ಬರು ಮಾತಾಡುತ್ತಿದ್ದರು.

ಟೆಲಿಫೋನ್ ಆಪರೇಟರ್ ಹೊನ್ನಮ್ಮ ಹೇಳಿದ್ದು ಎಂದು ಮೇಲೆ ಬರೆದಿತ್ತು. ಕೆಳಗೆ ಹೀಗಿತ್ತು: "ಹನ್ನೊಂದಕ್ಕೆ ಹತ್ತು ನಿಮಿಷ ಇದ್ದಾಗ ನೀರುಗಂಟಿ ಈರಣ್ಣ ಇಂಜಿನಿಯರ್ ಸಾಹೇಬರ ಮನೆಗೆ ಲೈನ್ ಕೇಳ್ದ. ನಾನೇ ಕೊಟ್ಟೆ. ಕೊಟ್ಟ ಮೇಲೆ ಕಿವಿಯಿಂದ ತೆಗೀಬೇಕಿತ್ತು, ಅವನ ದನಿ ನಡುಗ್ತಿತ್ತು, ತೆಗೀಲಿಲ್ಲ. ‘ಸಾರ್, ಹೊಸ ಟ್ಯಾಂಕಿನ ಕಂಬ ಬಿರುಕು ಬಿಟ್ಟೈತೆ, ನಲ್ಲಿ ಹತ್ರ ಹೆಂಗಸರು ಕ್ಯೂ ನಿಂತವ್ರೆ, ಚದುರಿಸಿ ಕಳಿಸ್ಲಾ’ ಅಂದ. ‘ನಾಳೆ ಉದ್ಘಾಟನೆ ಇದೆ, ಇವತ್ತು ಗಲಾಟೆ ಎಬ್ಬಿಸಬೇಡ, ಸುಮ್ಮನಿರು’ ಅಂದ್ರು. ಮಧ್ಯಾಹ್ನ ಮೂರಕ್ಕೆ ಟ್ಯಾಂಕು ಬಿತ್ತು."

ಟ್ಯಾಂಕು ಬಿದ್ದ ಕಥೆ ನಮ್ಮೂರಿನ ಮಕ್ಕಳಿಗೂ ಗೊತ್ತು. ನಲ್ಲಿಯ ಹತ್ತಿರ ಇದ್ದ ಎಂಟು ಹೆಂಗಸರು, ಅವರನ್ನು ಚದುರಿಸಲು ಓಡಿಬಂದ ಈರಣ್ಣ, ಒಟ್ಟು ಒಂಬತ್ತು ಜನ ಸತ್ತರು. ವಿಚಾರಣೆ ನಡೆಸಿದವರು ನೀರುಗಂಟಿ ಮೇಲಿನವರಿಗೆ ತಿಳಿಸದೇ ಇದ್ದದ್ದೇ ಕಾರಣ ಎಂದು ಬರೆದು ಮುಗಿಸಿದರು. ಈರಣ್ಣನ ಮನೆಗೆ ಇವತ್ತಿಗೂ ಟ್ಯಾಂಕ್ ಬೀಳಿಸಿದವನ ಮನೆ ಎಂದೇ ಹೆಸರು. ನಾನೂ ಹಾಗೇ ಕರೆದಿದ್ದೇನೆ. ಪುಟ ಓದಿದಾಗ ನನಗೆ ಮೊದಲು ಆದದ್ದು ಆಶ್ಚರ್ಯವಲ್ಲ, ನಾಚಿಕೆ.

ಆಮೇಲೆ ಎಂದಿನಂತೆ ನನ್ನ ತಲೆಗೆ ಹುಳ ಹೊಕ್ಕಿತು. ರಟ್ಟು ಹಾಕಿದ ಪ್ರಬಂಧದಲ್ಲಿ ಒಬ್ಬರ ಮಾತು, ಅದೂ ಹೆಸರಿನ ಸಮೇತ. ಹಾಗಾದರೆ ಆ ಹೊನ್ನಮ್ಮ ಎಲ್ಲಿ? ಸಂಜೆ ಅಪ್ಪನನ್ನು ಕೇಳಿದೆ. ಅಪ್ಪ ಕೈಯಲ್ಲಿದ್ದ ಪೇಪರನ್ನು ಮಡಿಸಿ ಇಟ್ಟ. "ಎಕ್ಸ್‌ಚೇಂಜಿನ ಹೊನ್ನಮ್ಮನಾ? ಮುಖ ಯಾರು ನೋಡಿದ್ರು? ದನಿ ಗೊತ್ತು. ಫೋನ್ ಎತ್ತಿದ್ರೆ ‘ನಂಬರ್ ಹೇಳಿ’ ಅನ್ನೋಳು. ಆ ಎರಡು ಮಾತು ಕೇಳೋಕೇ ನಾವು ಸುಮ್ಮಸುಮ್ಮನೆ ಅಂಗಡಿಯಿಂದ ಫೋನ್ ಎತ್ತುತಿದ್ವಿ ಕಣಮ್ಮ. ನಿಮ್ಮಮ್ಮಂಗೆ ಹೇಳ್ಬೇಡ. ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬರೋಕೂ ಮೊದಲೇ ಒಂದಿನ ಆ ದನಿ ನಿಂತುಹೋಯ್ತು" ಅಂದ. ಒಳಗಿನಿಂದ ಅಮ್ಮ, "ನಂಗೆಲ್ಲ ಗೊತ್ತು" ಎಂದು ಕೂಗಿದಳು.

ನನಗೆ ಆ ಲೋಟಗಳು ನೆನಪಾದವು. ಕಿವಿಯ ಮೇಲಿನ ಕೈ, ಅಲ್ಲಿಂದ ಇಲ್ಲಿಗೆ ಸರಸರ ಇಡುವುದು, ಹಳೆಯ ಎಕ್ಸ್‌ಚೇಂಜಿನಲ್ಲಿ ಆಪರೇಟರು ತಂತಿ ಕಿತ್ತು ಇನ್ನೊಂದು ತೂತಿಗೆ ಚುಚ್ಚುವ ಹಾಗೆಯೇ. ಬೆಳಿಗ್ಗೆ ಕ್ಯಾಂಟೀನು ತೆಗೆಯುವ ಹೊತ್ತಿಗೇ ಹೋಗಿ ನಿಂತೆ. ನೀಲಿ ರಟ್ಟಿನ ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಅರವತ್ತೊಂದನೇ ಪುಟ ಬಿಡಿಸಿದೆ. ಹೊನ್ನಕ್ಕ ಸ್ಟೌ ಆರಿಸಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ತನ್ನ ಮಾತನ್ನು ಅವಳು ಅಚ್ಚಿನಲ್ಲಿ ನೋಡಿದ್ದು ಅದೇ ಮೊದಲು ಎಂದು ಆಮೇಲೆ ಗೊತ್ತಾಯಿತು. ಯಾರೂ ಅವಳಿಗೆ ತಂದು ತೋರಿಸಿರಲಿಲ್ಲ.

ಅವತ್ತು ಕ್ಯಾಂಟೀನು ಹತ್ತು ಗಂಟೆವರೆಗೆ ತೆರೆಯಲಿಲ್ಲ. ಹೊನ್ನಕ್ಕ ಸ್ಲೇಟಿನ ಮೇಲೆ ಬರೆಯುವುದು, ನಾನು ಓದುವುದು, ಅವಳು ಒರೆಸುವುದು, ಹೀಗೇ ನಡೆಯಿತು. ಹೇಳಿದರೆ ಕೆಲಸ ಹೋಗುತ್ತದೆಂದು ಗೊತ್ತಿತ್ತಂತೆ, ಮಾತು ಕದ್ದು ಕೇಳುವುದು ಆಪರೇಟರಿಗೆ ಅಪರಾಧ. ಆದರೂ ವಿಚಾರಣೆಯಲ್ಲಿ ಹೇಳಬೇಕೆಂದೇ ಇದ್ದಳು. ಅಷ್ಟರಲ್ಲಿ ಎಕ್ಸ್‌ಚೇಂಜಿನ ಬಗ್ಗೆ ಪ್ರಬಂಧ ಬರೆಯುವ ಹುಡುಗ ಬಂದ. ಬಹಳ ಚುರುಕು, ಒಳ್ಳೆಯ ಹುಡುಗ. ಅವನಿಗೆ ಹೇಳಿದಳು. "ವಿಚಾರಣೆ ಮುಗಿಯುವವರೆಗೆ ಅಚ್ಚು ಹಾಕಿಸಬೇಡಪ್ಪ" ಎಂದೂ ಹೇಳಿದಳು. ಹುಡುಗ ಸರಿ ಎಂದ. ಮುಂದಿನ ತಿಂಗಳು ಒಂದು ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ‘ನಂಬರ್ ಹೇಳಿ’ ಎನ್ನಲು ಹೋದರೆ ಬಾಯಿಂದ ಗಾಳಿ ಮಾತ್ರ ಬಂತು. ವಿಚಾರಣೆಯ ದಿನ ಎಲ್ಲವನ್ನೂ ಕಾಗದದಲ್ಲಿ ಬರೆದುಕೊಂಡು ಹೋದಳು. ಬಾಯಲ್ಲಿ ಹೇಳಿದರೆ ಮಾತ್ರ ಸಾಕ್ಷಿ ಎಂದರು. ‘ಸಾಕ್ಷಿ ಹೇಳಿಕೆ ನೀಡಲು ನಿರಾಕರಿಸಿದರು’ ಎಂದು ಬರೆದುಕೊಂಡರು.

ನನಗೆ ಸಿಟ್ಟು ನೆತ್ತಿಗೇರಿತು. ಪುಸ್ತಕವನ್ನು ಕೈಗೆತ್ತಿಕೊಂಡು, "ಹೊನ್ನಕ್ಕ, ಇದೊಂದೇ ಪ್ರತಿ ಇರೋದು, ಇನ್ನೊಂದನ್ನ ಗೆದ್ದಲು ತಿಂದಿದೆ. ಈ ಪುಟ ಹರಿದು ಒಲೆಗೆ ಹಾಕಿದ್ರೆ ನಿಮ್ಮ ದನಿ ಇವತ್ತೇ ಬರುತ್ತೆ. ಹರೀಲಾ?" ಅಂದೆ. ನಾನು ಹಾಗೆಲ್ಲ ಸುಮ್ಮನೆ ಹೇಳಿದ್ದಲ್ಲ. ಹಿಂದೊಬ್ಬ ಮದುವೆ ಗಂಡು ಮುಹೂರ್ತದ ದಿನ ಪೇಪರಿನಲ್ಲಿ ಬಂದುಬಿಟ್ಟು, ಬೀಗರು ಊರಿನ ಅಷ್ಟೂ ಪ್ರತಿಗಳನ್ನು ಕೊಂಡು ಸುಟ್ಟು ಅವನ ದನಿ ಬರಿಸಿದ್ದರು. ಹೊನ್ನಕ್ಕ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡಳು. ಸ್ಲೇಟಿನ ಮೇಲೆ ಸೀಮೆಸುಣ್ಣ ಮುರಿಯುವ ಹಾಗೆ ಒತ್ತಿ ಬರೆದಳು: ‘ಈರಣ್ಣ ಫೋನ್ ಮಾಡಿದ್ದ ಅಂತ ಊರಲ್ಲಿ ಇರೋದು ಇದೊಂದೇ ಕಾಗದ.’ ನಾನು ಬಾಯಿ ಮುಚ್ಚಿಕೊಂಡೆ. ನನ್ನ ಜೀವನದಲ್ಲಿ ಅಂಥ ಸಂದರ್ಭಗಳು ಕಡಿಮೆ.

ಪುಸ್ತಕ ವಾಪಸು ಇಡುವ ಮೊದಲು ಕೊನೆಯ ಪುಟ ನೋಡಿದೆ. ಎಲ್ಲ ಪ್ರಬಂಧಗಳ ಕೊನೆಯಲ್ಲೂ ‘ಮುಂದಿನ ಅಧ್ಯಯನಕ್ಕೆ ಸಲಹೆಗಳು’ ಎಂದು ಒಂದು ಭಾಗ ಇರುತ್ತದೆ. ಅದನ್ನು ಬರೆಯುವವರೂ ಗಮನವಿಟ್ಟು ಬರೆಯುವುದಿಲ್ಲ, ಓದುವವರಂತೂ ಇಲ್ಲ. ಇಲ್ಲಿ ಒಂದೇ ಸಾಲಿತ್ತು. ‘ಈ ವಿಷಯವನ್ನು ಮುಂದಿನ ವರ್ಷದ ವಿದ್ಯಾರ್ಥಿ ತಪ್ಪದೇ ಮುಂದುವರಿಸಬೇಕು.’ ಕೆಳಗೆ ಪೆನ್ನಿನಿಂದ ಎರಡು ಗೆರೆ ಎಳೆದಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ಹುಡುಗ ಪ್ರಬಂಧವನ್ನು ವರ್ಷಕ್ಕೊಮ್ಮೆ ಬರುವ ಪತ್ರಿಕೆ ಎಂದುಕೊಂಡಿದ್ದ. ಮುಂದಿನ ವರ್ಷದ್ದು ಬಂದರೆ ಹೊನ್ನಮ್ಮನ ದನಿ ಬರುತ್ತದೆ ಎಂದುಕೊಂಡಿದ್ದ. ಮುಂದಿನ ವರ್ಷದ್ದು ಬರಲೇ ಇಲ್ಲ.

ಸರ್ ಕೋಣೆಗೆ ಹೋಗಿ ವಿಷಯದ ಅರ್ಜಿ ಕೊಟ್ಟೆ. ‘ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜ್: ಮುಂದುವರಿದ ಅಧ್ಯಯನ.’ ಸರ್ ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. "ಬೇರೆ ವಿಷಯ ತಗೋ. ಜಾಹೀರಾತು ತಗೋ. ಬಾನುಲಿ ತಗೋ, ನಿಂಗೆ ಒಗ್ಗುತ್ತೆ" ಅಂದರು.

"ಸರ್, ಎಷ್ಟು ಜನಕ್ಕೆ ಹೀಗೆ ಹೇಳಿದ್ದೀರಿ?" ಎಂದು ಕೇಳಿದೆ. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ.

ಅಷ್ಟರಲ್ಲಿ ಹೊನ್ನಕ್ಕ ಟೀ ತಂದು ಮೇಜಿನ ಮೇಲಿಟ್ಟು ಹೋದಳು. ಸರ್ ಕಿಟಕಿ ಕಡೆ ತಿರುಗಿದರು. ಬಾಗಿಲು ಮುಚ್ಚಿಕೊಂಡ ಮೇಲೆ ಹೇಳಿದರು, "ಹನ್ನೊಂದು ಜನಕ್ಕೆ. ಮೊದಮೊದಲು ನಾನೇ ಎಲ್ಲರ ಕಾಲು ಹಿಡಿದೆ ಕಣಮ್ಮ, ಈ ವಿಷಯ ತಗೊಳ್ಳಿ ಅಂತ. ಇಂಜಿನಿಯರ್ ಹೆದರಿಕೆಗೆ ಯಾರೂ ತಗೊಳ್ಳಲಿಲ್ಲ. ಆಮೇಲೆ ನಾನೇ ಇಲ್ಲಿ ಮೇಷ್ಟ್ರಾದೆ. ಆಗ ತಗೊಳ್ಳೋಕೆ ಬಂದ್ರು. ಆಗ ನಂಗೆ ಹೆದರಿಕೆ ಶುರುವಾಯ್ತು. ಆಕೆ ವಿಚಾರಣೆಯಲ್ಲಿ ಯಾಕೆ ಮಾತಾಡಲಿಲ್ಲ ಅಂತ ಯಾರಾದ್ರೂ ಕೇಳೇ ಕೇಳ್ತಾರಲ್ಲ."

ನನಗೆ ಅವರ ಮೇಲೆ ಸಿಟ್ಟೂ ಇತ್ತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ಗೊತ್ತಾಗದೆ ಅವರ ಟೀಯನ್ನು ನಾನೇ ಕುಡಿದುಬಿಟ್ಟೆ. ಆಮೇಲೆ ವಿವರಿಸಿದೆ. ನನ್ನ ಪ್ರಬಂಧಕ್ಕೆ ಠಸ್ಸೆ ಬಿದ್ದರೆ ಹೊನ್ನಕ್ಕನ ದನಿ ಬರುತ್ತದೆ, ಆ ಪುಟವೂ ಉಳಿಯುತ್ತದೆ. ಆದರೆ ಕೋಷ್ಟಕ ತುಂಬಿಸಿದರೆ ಆಗದು, ಅದರಲ್ಲಿ ಯಾರಾದರೂ ಹೆಸರು ಹೇಳಿ ಮಾತಾಡಬೇಕು. ಮಾತಾಡಿದವರು ಅದರ ಮುಂದಿನ ಪ್ರಬಂಧ ಬರುವವರೆಗೆ ಸುಮ್ಮನಿರಬೇಕು. ಮುಂದಿನದು ಬರದೇ ಹೋದರೆ ಹೋಯಿತು. "ಯಾರನ್ನ ಕೇಳಲಿ ಅಂತ ಗೊತ್ತಾಗ್ತಿಲ್ಲ ಸರ್" ಅಂದೆ. ನನಗೆ ಗೊತ್ತಿತ್ತು, ಸುಳ್ಳು ಹೇಳಿದೆ.

ಸರ್ ಅರ್ಜಿಗೆ ಸಹಿ ಹಾಕಿ, ಪೆನ್ನಿನ ಕ್ಯಾಪು ಮುಚ್ಚದೆ ಕೂತರು. "ನೋಟ್‌ಬುಕ್ ತಂದಿದ್ದೀಯಾ?" ಎಂದು ಕೇಳಿದರು.

ಅವರು ಹೇಳಿದ್ದು ನನ್ನ ಪ್ರಬಂಧದ ನಲವತ್ತನೇ ಪುಟದಲ್ಲಿದೆ. "ನನ್ನ ಹೆಸರು ವೃಷಭೇಂದ್ರಪ್ಪ. ಹೊನ್ನಮ್ಮನವರು ವಿಚಾರಣೆ ಮುಗಿಯಲಿ ಅಂದಿದ್ದರು. ನಾನು ಒಪ್ಪಿದ್ದೆ. ಆದರೆ ಆ ತಿಂಗಳು ಕೊಟ್ಟರೆ ಮಾತ್ರ ರ‍್ಯಾಂಕಿಗೆ ಲೆಕ್ಕ ಅಂತ ಗೊತ್ತಾಯಿತು. ಕೊಟ್ಟುಬಿಟ್ಟೆ. ರ‍್ಯಾಂಕು ಬಂತು. ಈರಣ್ಣ ಫೋನ್ ಮಾಡಿದ್ದ ಅನ್ನೋದು ಈ ಊರಿಗೆ ತಿಳಿಯದೇ ಹೋದದ್ದು ನನ್ನಿಂದ." ಇಷ್ಟೇ. ಎರಡು ಗಂಟೆ ತರಗತಿ ತೆಗೆದುಕೊಳ್ಳುವ ಮನುಷ್ಯ ಒಂದು ಉದಾಹರಣೆಯನ್ನೂ ಕೊಡಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಬೆಳಿಗ್ಗೆ ಹತ್ತೂವರೆಗೆ ಗ್ರಂಥಪಾಲಕರು ನನ್ನ ಪ್ರಬಂಧದ ಮೇಲೆ ಠಸ್ಸೆ ಒತ್ತಿದರು. ಹನ್ನೊಂದಕ್ಕೆ ಪರೀಕ್ಷೆ. ಪರೀಕ್ಷಕರು ಹೊರಗಿನ ಊರಿನವರು, ನಮ್ಮ ಪದ್ಧತಿಗಳ ಗಂಧಗಾಳಿ ಇಲ್ಲದವರು. ಪಕ್ಕದಲ್ಲಿ ವೃಷಭೇಂದ್ರಪ್ಪ ಸರ್ ಹೊಸ ಸ್ಲೇಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಏನ್ ಸಾರ್, ನೀವು ಏನೂ ಕೇಳೋದಿಲ್ವಾ ನಿಮ್ಮ ಸ್ಟೂಡೆಂಟ್‌ನ?" ಎಂದು ಆತ ಕೇಳಿದಾಗ ಸರ್ ತಲೆ ಅಲ್ಲಾಡಿಸಿದರು.

ಆಗ ಹೊನ್ನಕ್ಕ ತಟ್ಟೆಯಲ್ಲಿ ಮೂರು ಲೋಟ ಟೀ ಹಿಡಿದು ಬಂದಳು. ಪರೀಕ್ಷಕರಿಗೆ ಒಂದು ಕೊಟ್ಟಳು, ನನ್ನ ಮುಂದೆ ಒಂದು ಇಟ್ಟಳು. ಮೂರನೆಯದನ್ನು ಹಿಡಿದು ಸರ್ ಎದುರು ನಿಂತಳು. ಸರ್ ಅಭ್ಯಾಸದಂತೆ ಕಿಟಕಿ ಕಡೆ ತಿರುಗಿದರು. ಹೊನ್ನಕ್ಕನ ಗಂಟಲಿನಲ್ಲಿ ಏನೋ ಕೆರೆದ ಹಾಗಾಯಿತು, ಎರಡು ಸಲ ಕೆಮ್ಮಿದಳು.

"ಸಕ್ಕರೆ ಎಷ್ಟು ಹಾಕ್ಲಿ ಸಾರ್?"

ಅಪ್ಪ ಹೇಳಿದ್ದು ನಿಜ. ಇಪ್ಪತ್ತಾರು ವರ್ಷ ಸುಮ್ಮನಿದ್ದೂ ಆ ದನಿ ತುಪ್ಪದ ಹಾಗಿತ್ತು. ಸರ್ ಈ ಕಡೆ ತಿರುಗಿದರು. ಬಾಯಿ ತೆರೆದರು, ಏನೂ ಬರಲಿಲ್ಲ. ಸೀಮೆಸುಣ್ಣಕ್ಕಾಗಿ ಜೇಬು ತಡಕಿ, ಮಡಿಲಿನ ಸ್ಲೇಟಿನ ಮೇಲೆ ‘೨’ ಎಂದು ಬರೆದು ಎತ್ತಿ ತೋರಿಸಿದರು. ಅವರ ಕಣ್ಣು ತುಂಬಿತ್ತು.

"ಎರಡು ಅಂತ ಗೊತ್ತು. ದಿನಾ ನಾನೇ ಹಾಕೋದಲ್ವಾ" ಅಂದಳು ಹೊನ್ನಕ್ಕ. "ಕೇಳ್ಬೇಕು ಅನ್ನಿಸ್ತು, ಕೇಳ್ದೆ." ಲೋಟ ಅವರ ಕೈಗೆ ಕೊಟ್ಟಳು. ಪರೀಕ್ಷಕರು ಇದೇನು ಕಥೆ ಎಂದು ನನ್ನ ಮುಖ ನೋಡಿದರು. ನಾನು ಅಳುತ್ತಿದ್ದೆ, ಅವರಿಗೆ ಪರೀಕ್ಷೆಯ ಹೆದರಿಕೆ ಎನ್ನಿಸಿರಬೇಕು. ಒಳ್ಳೆಯ ಅಂಕ ಕೊಟ್ಟರು.

ಅದೇ ಸಂಜೆ ಹೊನ್ನಕ್ಕ ನನ್ನನ್ನು ಕರೆದುಕೊಂಡು ಈರಣ್ಣನ ಮನೆಗೆ ಹೋದಳು. ಅವನ ಹೆಂಡತಿ ಸಣ್ಣಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹೊನ್ನಕ್ಕ ಅವಳ ಎದುರು ಕೂತು, ಅರವತ್ತೊಂದನೇ ಪುಟದಲ್ಲಿ ಇರುವುದನ್ನು ಒಂದಕ್ಷರ ಬಿಡದೆ ಬಾಯಲ್ಲಿ ಹೇಳಿದಳು. ಸಣ್ಣಮ್ಮ ಕೈಯಲ್ಲಿನ ಕಾಯಿ ಬಿಡದೆ ಕೇಳಿದಳು. ಮುಗಿದ ಮೇಲೆ, "ಇನ್ನೊಂದ್ಸಲ ಹೇಳವ್ವ" ಅಂದಳು. ಹೊನ್ನಕ್ಕ ಹೇಳಿದಳು. "ಇನ್ನೊಂದ್ಸಲ" ಅಂದಳು. ಅಷ್ಟು ಹೊತ್ತಿಗೆ ಅಕ್ಕಪಕ್ಕದ ಮನೆಯವರು ಬಂದು ನಿಂತಿದ್ದರು. ಮೂರನೇ ಸಲ ಹೇಳುವಾಗ ಬೀದಿಯೇ ಕೇಳಿಸಿಕೊಂಡಿತು.

ಮಾರನೇ ದಿನ ದಿನಪತ್ರಿಕೆಯವರು ಹೊನ್ನಕ್ಕನ ಹೇಳಿಕೆಗೆ ಓಡಿಬಂದರು. ಅವಳು ಪಾತ್ರೆ ತೊಳೆಯುತ್ತಲೇ, "ನಾನು ಹೇಳಬೇಕಾದ್ದು ಲೈಬ್ರರೀಲೈತೆ, ಹೋಗಿ ಓದ್ಕಳಿ. ಇನ್ನೊಂದು ದಿನಾನೂ ನಾನು ಸುಮ್ನಿರಲ್ಲ" ಎಂದು ಕಳಿಸಿದಳು. ಅವರು ಹೋಗಿ ಓದಿದರು. ಊರವರೂ ಓದಿದರು. ನೀಲಿ ರಟ್ಟಿನ ಹಿಂದಿನ ಚೀಟಿ ತುಂಬಿ, ಈಗ ಮೂರನೇ ಚೀಟಿ ಅಂಟಿಸಿದ್ದಾರೆ. ಇಂಜಿನಿಯರ್ ಸಾಹೇಬರು ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಅವರನ್ನು ಕೇಳುವ ಹಾಗಿರಲಿಲ್ಲ. ಆದರೆ ಸಣ್ಣಮ್ಮನ ಮನೆಯನ್ನು ಈಗ ಯಾರೂ ಹಳೆಯ ಹೆಸರಿನಿಂದ ಕರೆಯುವುದಿಲ್ಲ. ಅಪ್ಪ ದಿನಾ ನಮ್ಮ ಕ್ಯಾಂಟೀನಿಗೆ ಟೀಗೆ ಬರುತ್ತಾನೆ. ಅಮ್ಮನೂ ಜೊತೆಗೆ ಬರುತ್ತಾಳೆ.

ಸರ್ ಈ ಒಂದು ವರ್ಷ ಬೋರ್ಡಿನ ಮೇಲೆ ಬರೆದೇ ಪಾಠ ಮಾಡಿದರು. ಐವತ್ತು ನಿಮಿಷಕ್ಕೆ ಸರಿಯಾಗಿ ಮುಗಿಯುತ್ತಿತ್ತು. ವಿದ್ಯಾರ್ಥಿಗಳಿಗೆ ಒಳಗೊಳಗೇ ಖುಷಿ. ಪ್ರಬಂಧದ ವಿಷಯ ಹಂಚುವ ದಿನ ಅವರು ಎಲ್ಲ ವಿಷಯಗಳನ್ನೂ ಬೋರ್ಡಿನ ಮೇಲೆ ಬರೆದರು, ಎಕ್ಸ್‌ಚೇಂಜನ್ನು ಮಾತ್ರ ಬರೆಯಲಿಲ್ಲ. ತಮ್ಮ ದನಿಗಾಗಿ ಇನ್ನೊಬ್ಬರ ದನಿ ಕೇಳಲು ಅವರಿಗೆ ಬಾಯಿ ಇರಲಿಲ್ಲ, ಇದ್ದಿದ್ದರೂ ಕೇಳುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಮೆಹರ್ ಎಂಬ ಹುಡುಗಿ ಎದ್ದು ಹೋಗಿ, ಸೀಮೆಸುಣ್ಣ ತೆಗೆದುಕೊಂಡು, ಕೊನೆಯಲ್ಲಿ ಅದನ್ನು ತಾನೇ ಬರೆದು ಮುಂದೆ ತನ್ನ ಹೆಸರು ಹಾಕಿಕೊಂಡಳು. ಆಮೇಲೆ ನನ್ನ ಮನೆಗೆ ಬಂದು, "ಅಕ್ಕಾ, ಎಲ್ಲ ಅಧ್ಯಾಯ ಆಯ್ತು, ಮಾತಾಡೋರು ಬೇಕು. ಯಾರನ್ನ ಕೇಳ್ಲಿ ಅಂತ ಗೊತ್ತಾಗ್ತಿಲ್ಲ" ಅಂದಳು. ಅವಳಿಗೂ ಗೊತ್ತಿತ್ತು.

ನಾನೀಗ ಸ್ಥಳೀಯ ಬಾನುಲಿಯಲ್ಲಿ ವಾರ್ತೆ ಓದುತ್ತೇನೆ. ಒಂದು ವರ್ಷ ರಜೆ ಕೇಳಿದೆ. ಕೊಟ್ಟರು, ಕೆಲಸ ಕಾಯ್ದಿಡುತ್ತೇವೆ ಎಂದು ಮಾತ್ರ ಹೇಳಲಿಲ್ಲ. ಅಮ್ಮ ಮೊದಲು ನಕ್ಕಳು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ಮನೆ ಬಿಕೋ ಅನ್ನುತ್ತೆ ಕಣೇ ಅಂದಳು. ಹೊನ್ನಕ್ಕ ತನ್ನ ಸ್ಲೇಟು ತಂದುಕೊಟ್ಟಳು. ಟೀ, ಕಾಫಿ, ಮಂಡಕ್ಕಿ ಎಂಬುದು ಇನ್ನೂ ಹೋಗಿಲ್ಲ, ನಾನು ಅದರ ಕೆಳಗೆ ಬರೆದುಕೊಳ್ಳಬೇಕು.

ಇಷ್ಟು ಹೊತ್ತು ನಾನು ಹೇಳುತ್ತಾ ಬಂದದ್ದನ್ನು ಮೆಹರ್ ಬರೆಯುತ್ತಾ ಬಂದಿದ್ದಾಳೆ. ಇದು ಅವಳ ಪ್ರಬಂಧದ ಏಳನೇ ಅಧ್ಯಾಯ. ಕೈ ನೋಯುತ್ತಿದೆ, ಸಾಕು ನಿಲ್ಲಿಸು ಅಕ್ಕ ಎಂದು ಎರಡು ಸಲ ಹೇಳಿದಳು. ಒಂದು ವರ್ಷಕ್ಕೆ ಆಗುವಷ್ಟನ್ನು ಈಗಲೇ ಮಾತಾಡಿಬಿಡಬೇಡವೇ? ಮುಂದಿನ ವರ್ಷ ಈ ರಟ್ಟು ಬಿಚ್ಚಿ ಇದನ್ನು ಓದುತ್ತಿರುವ ನೀನು ಯಾರೋ ನನಗೆ ತಿಳಿಯದು. ಕೊನೆಯ ಪುಟದಲ್ಲಿ ಮೆಹರ್ ಒಂದು ಸಲಹೆ ಬರೆದಿದ್ದಾಳೆ, ಕೆಳಗೆ ಗೆರೆ ಎಳೆಯಲು ನಾನೇ ಹೇಳಿದೆ. ಅದನ್ನು ದಯವಿಟ್ಟು ಓದು. ಬೇಗ ಓದು.

ನಾಳೆ ಬೆಳಿಗ್ಗೆ ಹತ್ತೂವರೆಗೆ ಠಸ್ಸೆ. ನಾವೆಲ್ಲ ಗ್ರಂಥಾಲಯದ ಬಾಗಿಲಲ್ಲಿ ಇರುತ್ತೇವೆ, ಹೊನ್ನಕ್ಕ ಫ್ಲಾಸ್ಕಿನಲ್ಲಿ ಟೀ ತರುತ್ತಾಳಂತೆ. ಸರ್ ಮೊದಲು ಏನು ಮಾತಾಡುತ್ತಾರೆ, ಯಾರ ಹತ್ತಿರ ಮಾತಾಡುತ್ತಾರೆ ಎಂದು ಕೇಳಲು ನನಗೆ ಈಗಲೇ ತಡೆಯಲಾಗುತ್ತಿಲ್ಲ. ಅವರು ಏನೇ ಹೇಳಲಿ, ನಾನು ಎದುರುತ್ತರ ಕೊಡದೆ ಪೂರ್ತಿ ಕೇಳಿಸಿಕೊಳ್ಳುತ್ತೇನೆ.